ಹಲಗೆಯ ಚಿಂದಿಗೆ ಕುಂಕುಮ

ರಾಯದುರ್ಗದ ಓಣಿಗಳಲ್ಲಿ ದೇವರ ಮನೆಯ ಗಂಟೆಗಿಂತ ಮುಂಚೆ ಜೀನ್ಸ್ ಹೊಲಿಯುವ ಮಷಿನ್‌ಗಳು ಏಳುತ್ತಿದ್ದ ಕಾಲವದು. ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಊರಿಗೆ ಬಂದ ಸುಜಾತಾ, ಅತ್ತೆಯ ಮನೆಯ ಪಡಸಾಲೆಯಲ್ಲೇ ಪ್ಯಾಂಟಿನ ಜೇಬು ಕತ್ತರಿಸಿ ಹೊಲಿದುಕೊಡುವ ಕೆಲಸ ಹೂಡಲು ಹೊರಟಿದ್ದಳು. ಬಟ್ಟೆ ಕೊಡಲು ಒಪ್ಪಿದ ಯರ್ರಿಸ್ವಾಮಿ ಒಂದೇ ಮಾತು ಹೇಳಿ ಹೋಗಿದ್ದ: "ಶುಕ್ರವಾರ ಬರ್ತೀನಮ್ಮ. ಮೊದಲು ಟೇಬಲ್ ನೋಡ್ತೀನಿ. ಜೇಬಿನ ಬಟ್ಟಿ ಬಲು ತೆಳು. ಎಲ್ಲ್ಯಾರ ಒಂದು ಎಳಿ ಸಿಕ್ಕಂಡ್ರ ಬಂಡಲ್ ಹಂಗ ವಾಪಸ್."

ಬಂಡಲ್ ವಾಪಸ್ ಹೋದರೆ ಸುಜಾತಾ ಮತ್ತೆ ಬೆಂಗಳೂರಿನ ಬಸ್ಸು ಹತ್ತಬೇಕು. ಅಷ್ಟೇ ಲೆಕ್ಕ.

ಟೇಬಲ್ಲಿಗೆಂದು ತಂದ ಹಸಿರು ಮೈಕಾ ಹಲಗೆ ಇದ್ದದ್ದು ಒಂದೇ. ಅದರ ಈ ಅಂಚಿನಿಂದ ಆ ಅಂಚಿಗೆ ಕಾಲುವೆಯಂಥ ಸಣ್ಣದೊಂದು ಗ್ರೂವ್ ಬೇಕು. ಕತ್ತರಿಯ ಕೆಳ ಅಲಗು ಆ ಗ್ರೂವಿನೊಳಗೆ ಓಡಿದರೆ ಬಟ್ಟೆ ನೂಲು ಹಿಡಿದಂತೆ ನೇರ ಸೀಳುತ್ತದೆ. ಆದರೆ ಗ್ರೂವಿನ ಅಂಚಿನಲ್ಲಿ ಸಾಸಿವೆಯಷ್ಟು ಚಕ್ಕೆ ಎದ್ದಿದ್ದರೂ ಸಾಕು, ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ.

ಗ್ರೂವ್ ಹೊಡೆಯಬೇಕಾದವನು ಅವಳ ಗಂಡ ಹರೀಶ. ಮೀಸೆ ಮೂಡುವ ಮೊದಲೇ ಜೀನ್ಸ್ ಹೊಲಿಯಲು ಕೂತವನು. ಬೆಂಗಳೂರಿಗೆ ಹೋದ ಮೇಲೆ ಸೂಜಿ ಬಿಟ್ಟು ಬಡಗಿ ಕೆಲಸ ಹಿಡಿದ. ಬರುವಾಗ ಬಸ್ಸಿನಲ್ಲಿ ಮರದಲ್ಲಿ ಗ್ರೂವ್ ಕೊರೆಯುವ ಒಂದು ರೂಟರ್ ಮಷಿನ್ನನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದ.

ಬುಧವಾರ ಬೆಳಗ್ಗೆ, ಹಲಗೆಯಿಂದ ಕೊಯ್ದು ಉಳಿದ ತುಂಡುಗಳ ಮೇಲೆ ಕೈ ನೋಡಲು ನಿಂತ. ರೂಟರ್ ಕಿರುಚಿತು. ಹಿಟ್ಟಿನಂಥ ಧೂಳೆದ್ದು ಮೂವರಿಗೂ ಮೈತುಂಬ ವಿಭೂತಿ ಬಳಿಯಿತು. ಮೂರನೆಯವಳು ಅತ್ತೆ ಉಜ್ಜಿನಮ್ಮ, ಹೊಸ್ತಿಲ ಬಳಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಯಪ್ಪಾ, ನಮ್ಮ ಬೊಮ್ಮನಹಾಳಾಗ ಕಾಲುವಿ ತೋಡಿದಾಗೂ ಇಷ್ಟು ಗದ್ಲ ಇರಲಿಲ್ಲ!"

ಮಷಿನ್ನಿನ ಗಾಳಿಗೆ ಅವಳ ಮಡಿಲ ಹತ್ತಿ ಹಾರಿತು. ಹಾರಿದ್ದು ತೆಪ್ಪಗೆ ನೆಲಕ್ಕೆ ಬೀಳದೆ ಗ್ರೂವಿನ ಅಂಚಿನುದ್ದಕ್ಕೂ ಸಿಕ್ಕಿಕೊಂಡು ಮುದುಕನ ಮೀಸೆಯಂತೆ ಅಲುಗಾಡತೊಡಗಿತು. ಉಜ್ಜಿನಮ್ಮ ನಕ್ಕಳು. ಸುಜಾತಾ ನಗಲಿಲ್ಲ. ಹತ್ತಿ ಸಿಕ್ಕ ಕಡೆಯೆಲ್ಲ ಚಕ್ಕೆ ಎದ್ದಿತ್ತು.

"ಅತ್ತೀ, ಒಂದಿಷ್ಟು ಹತ್ತಿ ಕೊಡ್ರಿ. ಇನ್ನು ಮ್ಯಾಲೆ ಇದಽ ನಮ್ಮ ಪರೀಕ್ಷಾ."

ಹರೀಶ ರೂಟರಿನ ಕೊರೆಯುವ ಅಲಗು, ಬಿಟ್, ಬದಲಿಸಿದ. ಗ್ರೂವಿನ ಎರಡೂ ಅಂಚಿಗೆ ಹರಿತ ಚಾಕುವಿನಿಂದ ಮೊದಲೇ ಗೀರು ಎಳೆದ. ಒಂದೇ ಏಟಿಗೆ ಆಳಕ್ಕಿಳಿಯದೆ, ತೆಳ್ಳಗೆ ತೆಳ್ಳಗೆ, ಹಾಲಿನ ಕೆನೆ ತೆಗೆದಂತೆ ಇಳಿದ. ಸುಜಾತಾ ಹತ್ತಿ ಎಳೆದಳು. ಹತ್ತಿ ಜಾರಿತು, ಜಾರಿತು, ಜಾರಿತು... ಕಟ್ಟಕಡೆಯಲ್ಲಿ, ಗ್ರೂವ್ ಹಲಗೆಯಿಂದ ಹೊರಬೀಳುವ ಅಂಚಿನಲ್ಲಿ, ಗಕ್ಕನೆ ನಿಂತಿತು. ಅಲ್ಲಿ ಒಂದು ಚಕ್ಕೆ.

ಇನ್ನೊಂದು ತುಂಡು. ಕೊನೆಯಲ್ಲಿ ಮತ್ತೆ ಚಕ್ಕೆ. ಮತ್ತೊಂದು. ಮತ್ತೆ ಅದೇ.

"ನಿನ್ನ ಮಷಿನ್ನಿಗೆ ಬಾಲದಾಗ ಯಾವುದೋ ಗ್ರಹ ಐತಿ," ಎಂದಳು ಉಜ್ಜಿನಮ್ಮ.

ಗುರುವಾರ ಸುಜಾತಾ ಹಲಗೆ ನೋಡುವುದನ್ನು ಬಿಟ್ಟು ಗಂಡನನ್ನೇ ನೋಡುತ್ತ ನಿಂತಳು. ನೋಡುನೋಡುತ್ತ ಸೆರಗು ಬಾಯಿಗೆ ಹೋಯಿತು.

"ಏನ್ರೀ, ನಿಮ್ಮ ಬಲಗಾಲು ಏನ್ ಮಾಡಾಕತ್ತೈತಿ?"

"ನಿಂತೈತಿ."

"ನಿಂತಿಲ್ರೀ! ಪೆಡಲ್ ತುಳಿಯಾಕತ್ತೈತಿ!"

ಹರೀಶ ಕೆಳಗೆ ನೋಡಿದ. ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿತ್ತು.

"ಕಾಲು ಹೋಗಲಿ. ಕೈ? ಕೊನೀಗೆ ಬಂದ್ರ ರಿವರ್ಸ್ ಹಾಕ್ತೀರಿ! ಹೊಲಿಗಿ ಬಿಚ್ಚಬಾರದಂತ ಹಿಂದಕ್ಕೊಮ್ಮಿ ಮುಂದಕ್ಕೊಮ್ಮಿ ಹೊಡಿತೀವಲ್ಲ, ಹಂಗ. ಚಕ್ಕಿ ಏಳದೆ ಇನ್ನೇನಾಗ್ತೈತಿ?"

"ಅಯ್ಯೋ ಶಿವನೇ, ಹಲಗಿಗೆ ಗಂಟು ಹಾಕಾಕ ಹೋಗ್ಯಾನ ನನ್ನ ಮಗ!" ಉಜ್ಜಿನಮ್ಮ ನಕ್ಕ ನಗೆಗೆ ಹೊಸೆದಿಟ್ಟ ಬತ್ತಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಸುಜಾತಾ ಗೋಡೆ ಹಿಡಿದು ಕೂತಳು. ಹರೀಶ ಸಿಟ್ಟು ಮಾಡಲು ನೋಡಿ, ಸೋತು, ಅವನೂ ನಕ್ಕ.

ನಕ್ಕು ಮುಗಿಸಿ ಇನ್ನೊಂದು ತುಂಡು ಹಿಡಿದ. "ರಿವರ್ಸ್ ಇಲ್ಲ, ರಿವರ್ಸ್ ಇಲ್ಲ," ಎಂದು ಜಪ ಮಾಡುತ್ತಲೇ ತಳ್ಳಿದ. ಕೊನೆಗೆ ಬಂದಾಗ ಕೈ ತಾನೇ ಹಿಂದಕ್ಕೆ ಸರಿಯಿತು. ಚಕ್ಕೆ ಚಿಮ್ಮಿತು. ಉಳಿದದ್ದು ಒಂದು ಮೊಳದ ತುಂಡು, ಮತ್ತು ಗೋಡೆಗೆ ಒರಗಿ ನಿಂತ ಅಸಲು ಹಲಗೆ.

ಸುಜಾತಾ ಉಳಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಸವರುತ್ತ ಕೂತಳು. ತೆಳು ಬಟ್ಟೆ ಹೊಲಿಯುವಾಗ ನಾನೇನು ಮಾಡುತ್ತಿದ್ದೆ? ಅಂಚನ್ನು ಮಷಿನ್ ನುಂಗದಿರಲೆಂದು ಅದರ ಪಕ್ಕಕ್ಕೆ ಒಂದು ಚಿಂದಿ ತಾಗಿಸುತ್ತಿದ್ದೆ. ಹೊಲಿಗೆ ಬಟ್ಟೆ ದಾಟಿ ಚಿಂದಿಯ ಮೇಲೆ ಓಡಿ ನಿಲ್ಲುತ್ತಿತ್ತು. ಹಾಳಾದರೆ ಚಿಂದಿ ಹಾಳಾಗಲಿ.

"ಏಳ್ರಿ," ಎಂದಳು. "ಕೈಗೆ ಬುದ್ಧಿ ಹೇಳೋದು ಬ್ಯಾಡ. ಅದಕ್ಕೊಂದು ಜಾಗ ಕೊಡೋಣು."

ಆ ತುಂಡನ್ನು ಅಸಲು ಹಲಗೆಯ ಕೊನೆಗೆ ಕೂದಲೂ ತೂರದಂತೆ ಒತ್ತಿ, ಕ್ಲಾಂಪ್ ಬಿಗಿದರು. ಎರಡೂ ಸೇರಿ ಒಂದೇ ಹಲಗೆಯಂತೆ ಕಂಡವು. ಹರೀಶ ರೂಟರಿಗೆ ನಮಸ್ಕಾರ ಮಾಡಿ ಸ್ವಿಚ್ ಒತ್ತಿದ. ಅವನ ಬಲಗಾಲು ಒತ್ತಿತು. ಸುಜಾತಾಳ ಬಲಗಾಲೂ ಒತ್ತಿತು. ರೂಟರ್ ತೆಳ್ಳಗೆ ತೆಳ್ಳಗೆ ಓಡಿ, ಹಲಗೆ ದಾಟಿ, ತುಂಡಿನ ಮೇಲೇರಿತು. ಅಲ್ಲಿ ಹರೀಶನ ಕೈ ಮನಸಾರೆ ರಿವರ್ಸ್ ಹಾಕಿತು. ಚಕ್ಕೆಗಳು ಪಟಪಟ ಹಾರಿದವು. ಹಾರಿದ್ದೆಲ್ಲ ಚಿಂದಿಯವೇ.

ಸುಜಾತಾ ಹತ್ತಿಯನ್ನು ಅತ್ತೆಯತ್ತ ಚಾಚಿದಳು. ಉಜ್ಜಿನಮ್ಮನೇ ಎದ್ದು ಬಂದು ಎಳೆದಳು. ಹತ್ತಿ ಈ ಅಂಚಿನಿಂದ ಆ ಅಂಚಿಗೆ, ಒಂದು ಎಳೆಯೂ ಕಳೆಯದೆ, ಇಡಿಯಾಗಿ ಅವಳ ಅಂಗೈಗೆ ಬಂತು. ಅದನ್ನೇ ಬತ್ತಿ ಹೊಸೆದು ಆ ಸಂಜೆಯ ದೀಪ ಹಚ್ಚಿದಳು.

ಶುಕ್ರವಾರ ಬಂದ ಯರ್ರಿಸ್ವಾಮಿ ತೆಳು ಬಟ್ಟೆಯನ್ನು ಗ್ರೂವಿನ ಮೇಲೆ ಹಿಂದೆ ಮುಂದೆ ಎಳೆದ. ಕೊನೆಯ ಅಂಚಿನಲ್ಲಿ ಎರಡು ಸಲ ಎಳೆದ. "ಬಾಗುಂದಿ," ಎಂದು ತೆಲುಗಿನಲ್ಲಿ ಮೆಚ್ಚಿ ಬಂಡಲ್ ಇಳಿಸಿದವನು ದೇವರ ಗೂಡಿನತ್ತ ನೋಡಿ ತಬ್ಬಿಬ್ಬಾದ. ಅಲ್ಲಿ ಒಂದು ಮುರುಕು ಹಲಗೆ ತುಂಡು ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿತ್ತು.

"ಅಮ್ಮಾ, ಟೇಬಲ್ಲಿಗೆ ಪೂಜಿ ಮಾಡೋದು ಬಿಟ್ಟು ಇದಕ್ಯಾಕ?"

"ಟೇಬಲ್ಲು ಚೆಂದ ಐತಿ, ಅದಕ್ಕೇನು ಕಮ್ಮಿ ಬಿಡ್ರಿ," ಎಂದಳು ಉಜ್ಜಿನಮ್ಮ. "ಪೆಟ್ಟೆಲ್ಲ ತಿಂದಿದ್ದು ಇದಪ್ಪ."

ಪಡಸಾಲೆಯಲ್ಲಿ ಸುಜಾತಾಳ ಕತ್ತರಿ ಆಗಲೇ ಓಡತೊಡಗಿತ್ತು.