ಕಣಿವೆ ಕೆಂಚನ ಕೊನೆಯ ಪುಸ್ತಕ

ಬುಕ್ಕಾಪಟ್ಟಣದ ಹಿಟ್ಟಿನ ಮಿಲ್ಲಿನ ಗೋಡೆಯ ಮೇಲೆ ಅಸ್ಗರ್ ಕುದುರೆಯ ಬಾಲಕ್ಕೆ ಕಪ್ಪು ಬಣ್ಣ ತುಂಬುತ್ತಿದ್ದಾಗ ಕೆಳಗಿನಿಂದ ಹೆಂಗಸೊಬ್ಬಳ ದನಿ ಕೇಳಿತು.

"ಅಲ್ಲಪ್ಪಾ, ಈ ಕುದ್ರೆ ನಮ್ಮನೇದಲ್ವಾ?"

ಏಣಿಯ ಮೇಲಿಂದಲೇ ತಿರುಗಿ ನೋಡಿದ. ಐವತ್ತರ ಆಸುಪಾಸಿನ ಹೆಂಗಸು, ಸೊಂಟದಲ್ಲಿ ರಾಗಿ ತುಂಬಿದ ಡಬ್ಬ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಕುದುರೆಯ ಹಿಂಗಾಲನ್ನು.

"ಇದು ಬೀಡಿ ಕಂಪ್ನಿಯೋರ ಕುದುರೆ ಕಣಮ್ಮ. ಅವ್ರ ಮಾರ್ಕು" ಎಂದ.

"ಬೀಡಿಯೋರ್ದೇ ಇರ್ಲಿ. ಕಾಲತ್ರ ಆ ಸುರುಳಿ ಯಾಕ್ ಬರ್ದೆ?"

"ದೂಳಮ್ಮ. ಕುದುರೆ ಓಡಿದ್ರೆ ದೂಳೇಳಲ್ವಾ?"

"ದೂಳಲ್ಲ ಅದು. 'ಓ' ಅಂತ. ನಮ್ಮ ಯಜಮಾನ್ರ ಹೆಸ್ರು. ಓಬಯ್ಯ."

ಅಸ್ಗರ್ ಏಣಿ ಇಳಿದ. ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿ ಪ್ಯಾಂಟಿನ ಮೇಲೆ ಬಿದ್ದದ್ದೂ ತಿಳಿಯಲಿಲ್ಲ. ಶಿರಾದಿಂದ ಪಾವಗಡದ ಗಡಿಯವರೆಗೆ ಎಲ್ಲೆಲ್ಲಿ ಕುದುರೆ ಬರೆದಿದ್ದನೋ ಅಲ್ಲೆಲ್ಲ, ಚಿಕ್ಕಂದಿನಲ್ಲಿ ಪುಸ್ತಕದಲ್ಲಿ ಕಂಡಂತೆಯೇ, ಹಿಂಗಾಲಿನ ಬಳಿ ಆ ಸುರುಳಿಯನ್ನೂ ಬರೆದಿದ್ದ. ಅದಿಲ್ಲದಿದ್ದರೆ ಕುದುರೆ ನಿಂತುಬಿಟ್ಟಂತೆ ಕಾಣುತ್ತಿತ್ತು. ಅಂಗಡಿ ಬೋರ್ಡುಗಳ ಮೇಲೆ ದಿನವೂ ಅಕ್ಷರ ಬರೆಯುವ ಅವನಿಗೆ, ಅದೂ ಒಂದು ಅಕ್ಷರವೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ನಿಮ್ಮ ಯಜಮಾನ್ರು... ಕಣಿವೆ ಕೆಂಚನ ಚಿತ್ರ ಬರೆದೋರಾ?"

ಅವಳು ಡಬ್ಬವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಊಂ ಕಣಪ್ಪ. ಅದ್ನ ನೆಪ್ಪಿಟ್ಕಂಡೋರೂ ಇದಾರಾ ಇನ್ನೂವೆ?"

ಅವರು ಬದುಕಿದ್ದಾರೆಯೇ ಎಂದು ಕೇಳುವುದು ಹೇಗೆಂದು ಅಸ್ಗರ್ ತಡವರಿಸುತ್ತಿರುವಾಗ ಅವಳೇ ಹೇಳಿದಳು. "ಮನೇಲವ್ರೆ. ರಾಗಿ ಬೀಸಿಸ್ಕಂಡು ಬತ್ತೀನಿ, ಒಟ್ಟಿಗೇ ಓಗಾನ."

ಕಣಿವೆ ಕೆಂಚ ಎಂಬ ಚಿತ್ರಕಥೆಯ ಪುಸ್ತಕಗಳು ಐವತ್ತರ ದಶಕದಲ್ಲಿ ಮಧುಗಿರಿಯ ಸಣ್ಣದೊಂದು ಪ್ರೆಸ್ಸಿನಿಂದ ಬರುತ್ತಿದ್ದವು. ಕಪ್ಪು, ಕೆಂಪು ಎರಡೇ ಬಣ್ಣ. ಬರೆದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಕೆಂಚ ಕುರಿ ಕಾಯುವವರ ಮಗ. ಪಾಳೆಯಗಾರನ ಲಾಯದಿಂದ ತಪ್ಪಿಸಿಕೊಂಡು ಬಂದ ಕುದುರೆಯೊಂದನ್ನು ಸಾಕಿಕೊಂಡು, ಕಣಿವೆಯ ದಾರಿಯಲ್ಲಿ ಹೋಗಿಬರುವವರನ್ನು ಕಳ್ಳರಿಂದ ಕಾಯುತ್ತಿದ್ದ. ಅಸ್ಗರನ ತಂದೆ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಅಮೀರ್ ಬಿ ಶಿರಾದ ಅಹಮದ್ ಷರೀಫರ ರದ್ದಿ ಅಂಗಡಿಯಿಂದ ಹಳೆಯ ಕಾಗದ ತಂದು, ಪೊಟ್ಟಣ ಅಂಟಿಸಿ ಅಂಗಡಿಗಳಿಗೆ ಕೊಟ್ಟು ಮನೆ ನಡೆಸುತ್ತಿದ್ದಳು. ಒಂದು ದಿನ ತಂದ ಕಂತೆಯಲ್ಲಿ ಈ ಪುಸ್ತಕಗಳಿದ್ದವು. ಅಂಟು ಹಚ್ಚಲು ಕೂತ ಮಗ ಅಂಟು ಮರೆತು ಕುದುರೆಯನ್ನು ನೋಡುತ್ತ ಕೂತುಬಿಟ್ಟ. ಅಮೀರ್ ಬಿ ಬೈಯಲಿಲ್ಲ. ಕೈಗೆ ಸಿಕ್ಕಷ್ಟು ಪುಸ್ತಕ ಬದಿಗೆ ಸರಿಸಿ, ಬೇರೆ ಕಾಗದ ಎಳೆದುಕೊಂಡಳು.

ಆ ಕುದುರೆಯನ್ನೇ ಇದ್ದಿಲಿನಿಂದ ಹಿತ್ತಿಲ ಗೋಡೆಯ ಮೇಲೆ ಬರೆದು ಬರೆದು ಅವನ ಕೈ ಕುದುರಿತು. ಗೋಡೆ ನೋಡಿದ ಬೋರ್ಡ್ ಪೇಂಟರೊಬ್ಬ ಜೊತೆಗೆ ಕರೆದುಕೊಂಡ. ದುಡಿಮೆ ಶುರುವಾದ ಮೇಲೆ ಅಸ್ಗರ್ ಹೋದ ಊರಿನಲ್ಲೆಲ್ಲ ರದ್ದಿ ಅಂಗಡಿ, ಕ್ಷೌರದಂಗಡಿ ಹೊಕ್ಕು ಕೆಂಚನನ್ನು ಹುಡುಕುತ್ತಿದ್ದ. ಸಿಕ್ಕಿದ್ದನ್ನೆಲ್ಲ ತಗಡಿನ ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಕಿ ಇಟ್ಟಿದ್ದ. ಆ ಟ್ರಂಕು ಹೆಂಡತಿ ಸಾಬೀರಾಳ ತವರಿನದು. "ನನ್ ಸೀರೆ ಹಗ್ಗದ ಮೇಲೆ, ನಿಮ್ ಕೆಂಚ ಟ್ರಂಕಲ್ಲಿ" ಎಂದು ಅವಳು ನಗುತ್ತಿದ್ದಳು.

ಎರಡು ಮಾತ್ರ ಸಿಕ್ಕಿರಲಿಲ್ಲ. ಒಂದು ಎಲ್ಲಕ್ಕಿಂತ ಮೊದಲನೆಯದು. ಕೊರಟಗೆರೆಯ ಪೋಸ್ಟ್ ಮಾಸ್ಟರ್ ಚಂದ್ರಶೇಖರಯ್ಯನವರಿಗೂ ಇದೇ ಹುಚ್ಚು; ಅವರ ಬಳಿ ಅದರ ಹರಿದ ರಟ್ಟೊಂದೇ ಇತ್ತು. "ಅದು ಸಿಕ್ಕಿದ್ರೆ ನನ್ನ ಇಡೀ ಬೀರು ನಿಮ್ಮ ಮನೆಗೆ ಕಳಿಸ್ತೀನಿ ಸಾಬ್ರೇ" ಎನ್ನುತ್ತಿದ್ದರು. ಇನ್ನೊಂದು, ಯಾರೂ ಕಂಡಿರದ ಪುಸ್ತಕ. ಅಸ್ಗರನ ಬಳಿಯಿದ್ದ ಕೊನೆಯ ಸಂಚಿಕೆಯಲ್ಲಿ ಕೆಂಚ ಕುದುರೆಯ ಸಮೇತ ಕೋಟೆಯ ಸುರಂಗ ಹೊಗುತ್ತಾನೆ. ಶತ್ರುಗಳು ಸುರಂಗದ ಬಾಯಿಗೆ ಬಂಡೆ ಉರುಳಿಸುತ್ತಾರೆ. ಅವನು ಹೊರಗೆ ಬಂದನೋ ಇಲ್ಲವೋ, ಮೂವತ್ತು ದಾಟಿ ಇಬ್ಬರು ಮಕ್ಕಳ ತಂದೆಯಾದ ಮೇಲೂ ಅಸ್ಗರನಿಗೆ ಗೊತ್ತಿರಲಿಲ್ಲ.

ಆ ಹೆಂಗಸಿನ ಹೆಸರು ಈರಕ್ಕ. ಅವಳ ಮನೆ ಊರಿನಾಚೆ, ಜಾಲಿಮರಗಳ ನಡುವಿನ ನಾಲ್ಕಾರು ಮನೆಗಳಲ್ಲೊಂದು. ದಾರಿಯುದ್ದಕ್ಕೂ ಹಿಟ್ಟಿನ ಡಬ್ಬವನ್ನು ಅಸ್ಗರನೇ ಹೊತ್ತ. ಯಜಮಾನರು ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರೆಂದು ಅವಳು ಹೇಳಿದಳು. ಬನಿಯನ್ ತೊಟ್ಟು ಜಗಲಿಯ ಮೇಲೆ ಕೂತಿದ್ದ ಓಬಯ್ಯ ಮೇಷ್ಟ್ರು ಹೆಜ್ಜೆಯ ಸಪ್ಪಳಕ್ಕೆ ಮುಖ ತಿರುಗಿಸಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದಕ್ಕೆ ಆಪರೇಷನ್ ಮಾಡಿಸಿ ಫಲ ಕಾಣದೆ, ಇನ್ನೊಂದನ್ನು ಹಾಗೇ ಬಿಟ್ಟಿದ್ದರು. ಬೆಳಕು, ನೆರಳು ಗೊತ್ತಾಗುತ್ತಿತ್ತು, ಅಷ್ಟೆ.

"ಯಾರು, ಈರಿ?"

"ಶಿರಾದ ಪೇಂಟ್ರು. ನಿಮ್ ಕುದ್ರೆ ಕದ್ದವ್ರೆ, ಇಡ್ಕಂಡ್ ಬಂದಿವ್ನಿ."

ಅಸ್ಗರ್ ಡಬ್ಬ ಇಳಿಸಿ ನಮಸ್ಕಾರ ಎಂದ. ಜಗಲಿಯ ತುದಿಗೆ ಕೂತು, "ಮೇಷ್ಟ್ರೇ, ಅಂಥ ಕುದುರೆ ಎಲ್ಲಿ ನೋಡಿದ್ರಿ?" ಎಂದು ಕೇಳಿದ.

ಓಬಯ್ಯ ನಕ್ಕರು. "ಶಿರಾ ಬಸ್ ಸ್ಟ್ಯಾಂಡಲ್ಲಿ ನಿಲ್ತಿತ್ತಲ್ಲಪ್ಪ ಜಟಕಾ, ಅದರ ಕುದುರೆ. ಬಡಕಲು. ಹೊಟ್ಟೆ ತುಂಬ ಹುಲ್ಲು ಕಂಡಿದ್ದಲ್ಲ. ಪುಸ್ತಕದಲ್ಲಾದ್ರೂ ಮೈ ತುಂಬ್ಕೊಳ್ಲಿ ಅಂತ ಹಂಗೆ ಬರೆದೆ."

ಮಾತು ಸಡಿಲವಾಯಿತು. ಪ್ರೆಸ್ಸು ಯಾಕೆ ನಿಂತಿತು ಎಂದು ಅಸ್ಗರ್ ಕೇಳಿದ.

"ನಡೀಲಿಲ್ಲ, ಮುಚ್ಚಿದರು. ಉಳಿದಿದ್ದ ಪುಸ್ತಕಾನೆಲ್ಲ ತೂಕಕ್ಕೆ ಹಾಕ್ಬುಟ್ರು" ಎಂದರು ಮೇಷ್ಟ್ರು. "ಆಮೇಲೆ ಒಂದಿನ ಕಡಲೇಕಾಯಿ ತಗೊಂಡೆ. ತಿಂದು ಪೊಟ್ಟಣ ಬಿಡಿಸಿದ್ರೆ ಒಳಗಡೆ ಕೆಂಚ. ಮುಖದ ಮೇಲೆಲ್ಲ ಅಂಟು. ಅವತ್ತು ಮನೆಗೆ ಬಂದು ಬ್ರಷ್ಷು, ಇಂಕು ಎಲ್ಲ ಅಟ್ಟಕ್ಕೆ ಹಾಕ್ದೆ. ಸ್ಕೂಲಲ್ಲಿ ಮಕ್ಕಳಿಗೆ ಹೂವು, ಹೂಜಿ ಬರೆಸ್ಕೊಂಡು ರಿಟೈರ್ ಆದೆ. ಅಷ್ಟು ವರ್ಷ ಕಣ್ಣು ಕೆಡಿಸ್ಕೊಂಡಿದ್ದು ಒಂದು ಪೊಟ್ಟಣಕ್ಕಾ ಅನ್ನಿಸ್ಬುಡ್ತು."

ಅಸ್ಗರ್ ತಲೆ ತಗ್ಗಿಸಿಕೊಂಡು ಕೂತಿದ್ದ. ಹೇಳದೆ ಎದ್ದುಹೋಗಬಹುದಿತ್ತು. ಆದರೆ ಹೇಳಿದ.

"ಮೇಷ್ಟ್ರೇ, ಆ ಪೊಟ್ಟಣ ನಮ್ಮಮ್ಮನೇ ಅಂಟಿಸಿರಬೋದು."

ಒಳಗೆ ಹಿಟ್ಟು ಸುರಿಯುತ್ತಿದ್ದ ಈರಕ್ಕನ ಕೈ ನಿಂತಿತು. ಅಸ್ಗರ್ ತಡೆಯದೆ ಎಲ್ಲವನ್ನೂ ಹೇಳಿದ: ಕಾಗದದ ಕಂತೆ, ಬದಿಗಿಟ್ಟ ಪುಸ್ತಕಗಳು, ಹಿತ್ತಿಲ ಗೋಡೆ. "ಪುಸ್ತಕ ಕೊಂಡು ಓದೋ ಮನೆಯಲ್ಲ ನಮ್ದು. ಅದು ತೂಕಕ್ಕೆ ಬೀಳ್ದೇ ಇದ್ದಿದ್ರೆ ನಮ್ಮ ಬಾಗ್ಲಿಗೆ ಬರ್ತಾನೇ ಇರ್ಲಿಲ್ಲ. ತಂಗಿ ಮದುವೆ ಮಾಡ್ದೆ, ಅಮ್ಮೀನ ಕೂರಿಸಿ ಅನ್ನ ಹಾಕ್ದೆ, ಈಗ ನನ್ನ ಮಕ್ಕಳು ಸ್ಕೂಲಿಗೆ ಹೋಗ್ತವೆ. ಎಲ್ಲಾ ನಿಮ್ಮ ಕುದುರೆ ದುಡಿದಿದ್ದು. ಇನ್ನೂ ಕೇಳಿ, ಇಷ್ಟು ವರ್ಷ ಗೋಡೆ ಗೋಡೆ ಮೇಲೆ ನಿಮ್ಮ ಹೆಸರೇ ಬರೆದಿದೀನಿ, ದೂಳು ಅಂದ್ಕೊಂಡು. ಇವತ್ತು ಅಮ್ಮಾವ್ರು ಹೇಳಿದ್ ಮೇಲೇ ಗೊತ್ತಾಗಿದ್ದು."

ಓಬಯ್ಯ ಕೈಚಾಚಿ ಅಸ್ಗರನ ಕೈ ಹುಡುಕಿ ಹಿಡಿದುಕೊಂಡರು. ಉಗುರಿನ ಸಂದಿಯಲ್ಲಿ ಒಣಗಿದ್ದ ಬಣ್ಣವನ್ನು ತಮ್ಮ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಯಾವ್ಯಾವ ಊರಲ್ಲಿ?" ಎಂದು ಕೇಳಿದರು.

"ಶಿರಾ, ಮಧುಗಿರಿ, ಗೊರವನಹಳ್ಳಿ ಬಸ್ ನಿಲ್ಲೋ ಕಡೆ, ನಾಗಲಮಡಿಕೆ ರಸ್ತೇಲಿ..."

"ನಾಗಲಮಡಿಕೆವರ್ಗೂ ಹೋಗಿದೀನಾ ನಾನು" ಎಂದರು ಮೇಷ್ಟ್ರು. ಪೊರೆ ಮುಚ್ಚಿದ ಕಣ್ಣುಗಳು ತುಂಬಿದ್ದವು. "ಈರಿ, ಆ ಎರಡು ಪುಸ್ತಕ ತಾ."

ಈರಕ್ಕ ಬಟ್ಟೆಯಲ್ಲಿ ಸುತ್ತಿದ್ದ ಎರಡನ್ನೂ ತಂದು ಜಗಲಿಯ ಮೇಲಿಟ್ಟಳು. ಒಂದು, ಮೊದಲನೆಯ ಸಂಚಿಕೆ. ಪಿನ್ನಿಗೆ ತುಕ್ಕು ಹಿಡಿದಿರಲಿಲ್ಲ; ರಟ್ಟಿನ ಕೆಂಪು ನಿನ್ನೆ ಅಚ್ಚಾದಂತಿತ್ತು. ಇನ್ನೊಂದಕ್ಕೆ ರಟ್ಟೇ ಇಲ್ಲ. ಪ್ರೆಸ್ಸಿನವರು ತಿದ್ದಲು ಕೊಟ್ಟ ಕರಡು ಹಾಳೆಗಳು, ಮೂಲೆಯಲ್ಲಿ ಯಾರದೋ ಮಸಿಯ ಬೆರಳಚ್ಚು. ಕೊನೆಯ ಪುಟಗಳಂತೂ ಅಚ್ಚಿಗೇ ಹೋಗಿರಲಿಲ್ಲ. ಪೆನ್ಸಿಲಿನಲ್ಲಿ ಬರೆದ ಹಾಳೆಗಳನ್ನೇ ದಾರದಿಂದ ಹೊಲಿದಿದ್ದರು. ಯಾರೂ ಕಾಣದ ಆ ಕೊನೆಯ ಸಂಚಿಕೆ ಇದು.

"ಎರಡೂ ತಗೊಂಡೋಗು" ಎಂದರು ಓಬಯ್ಯ.

"ಒಂದು ಮನೇಲಿರ್ಲಿ" ಎಂದಳು ಈರಕ್ಕ. ದನಿ ಜೋರಿರಲಿಲ್ಲ. ಮಜ್ಜಿಗೆ ತರುತ್ತೇನೆಂದು ಒಳಗೆ ಹೋದಳು.

"ಸರಿ, ಒಂದು ನಿನಗೆ. ಮೊದಲನೇದು ತಗೋ. ಅದು ಚೆನ್ನಾಗಿದೆ. ಇನ್ನೊಂದು ಅರೆಬರೆ, ಅದನ್ನ ಯಾರಿಗಾದ್ರೂ ಕೊಡೋಕೆ ನನಗೇ ನಾಚಿಕೆ."

ಅಸ್ಗರನ ಕೈ ತಾನಾಗಿಯೇ ಮೊದಲನೆಯದಕ್ಕೆ ಹೋಯಿತು. ಕೂಡಿಡುವ ಹುಚ್ಚಿರುವ ಯಾರೇ ಆದರೂ ಅದನ್ನೇ ಮುಟ್ಟುತ್ತಿದ್ದರು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಆ ಕೆಂಪು ರಟ್ಟು ಹೇಗೆ ಕಾಣುತ್ತದೆಂದೂ, ಚಂದ್ರಶೇಖರಯ್ಯನವರು ಅದನ್ನು ಹೇಗೆ ಎರಡೂ ಕೈಯಲ್ಲಿ ಹಿಡಿಯುತ್ತಾರೆಂದೂ ಮನಸ್ಸು ಆಗಲೇ ನೋಡುತ್ತಿತ್ತು. ಹಾಳೆ ತಿರುವಿದ. ಕೆಂಚ ಕುದುರೆಯನ್ನು ಕಣಿವೆಯಲ್ಲಿ ಮೊದಲ ಸಲ ಕಾಣುತ್ತಾನೆ, ಹಿಡಿಯಲು ಹಗ್ಗವಿಲ್ಲ. ಬಾವಿಯಿಂದ ನೀರು ಸೇದುತ್ತಿದ್ದ ನಾಗವ್ವ ಎಂಬ ಹುಡುಗಿ ತನ್ನ ಸೇದುವ ಹಗ್ಗವನ್ನೇ ಬಿಚ್ಚಿ ಕೊಡುತ್ತಾಳೆ. ಮುಂದಿನ ಯಾವ ಪುಸ್ತಕದಲ್ಲೂ ಬಾರದ ಹುಡುಗಿ. ಮೇಷ್ಟ್ರು ಅವಳೊಬ್ಬಳ ಮುಖವನ್ನು ಅರ್ಧ ಪುಟದಷ್ಟು ದೊಡ್ಡದಾಗಿ ಬರೆದಿದ್ದರು. ಎಡಹುಬ್ಬನ್ನು ಎರಡು ಮಾಡಿದ ಹಳೆಯ ಗಾಯದ ಗುರುತು, ಗಲ್ಲದ ಮೇಲೆ ಹಚ್ಚೆಯ ಚುಕ್ಕಿ, ಏನೋ ಹೇಳಲು ಹೊರಟು ನಗು ತಡೆದುಕೊಂಡ ತುಟಿ.

ಈರಕ್ಕ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಸ್ಗರ್ ತಲೆಯೆತ್ತಿದ. ಅವಳ ಎಡಹುಬ್ಬಿನ ಗಾಯ ಹಾಗೇ ಇತ್ತು. ಹಚ್ಚೆಯ ಚುಕ್ಕಿ ಸುಕ್ಕುಗಳ ನಡುವೆ ಮಾಸಿತ್ತು. ಅವಳು ಲೋಟವನ್ನು ಪಕ್ಕದಲ್ಲಿಟ್ಟು, ಅವನ ಕೈಯಲ್ಲಿದ್ದ ಪುಸ್ತಕವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಅಸ್ಗರ್ ಮಜ್ಜಿಗೆ ಕುಡಿದ. ಮೊದಲನೆಯ ಸಂಚಿಕೆಯನ್ನು ಬಟ್ಟೆಯ ಮೇಲಿಟ್ಟು ಕರಡು ಹಾಳೆಗಳನ್ನು ಎತ್ತಿಕೊಂಡ. ಸುರಂಗದ ಕತ್ತಲಲ್ಲಿ ಕೆಂಚ ಕುದುರೆಯನ್ನು ಮುಂದೆ ಬಿಟ್ಟು ಅದರ ಬಾಲ ಹಿಡಿದು ನಡೆಯುತ್ತಾನೆ. ಪುಟಗಟ್ಟಲೆ ಬರೀ ಕಪ್ಪು, ನಡುವೆ ಕುದುರೆಯ ಕಣ್ಣು ಮಾತ್ರ ಬಿಳಿ. ಪೆನ್ಸಿಲ್ ಪುಟಗಳಲ್ಲಿ ಬೆಳಕು ಬರುತ್ತದೆ. ಕೊನೆಯ ಚಿತ್ರದಲ್ಲಿ ಯುದ್ಧವಿಲ್ಲ, ಶತ್ರುವಿಲ್ಲ. ಕಲ್ಲುಬಾನಿಗೆ ಯಾರೋ ನೀರು ಹೊಯ್ಯುತ್ತಿದ್ದಾರೆ, ಹೊಯ್ಯುವ ಕೈಯಷ್ಟೇ ಕಾಣುತ್ತದೆ, ಕುದುರೆ ಕುಡಿಯುತ್ತಿದೆ, ಕೆಂಚ ತನ್ನ ಸರದಿಗಾಗಿ ಪಕ್ಕದಲ್ಲಿ ಕೂತಿದ್ದಾನೆ.

"ಬಂದ" ಎಂದ ಅಸ್ಗರ್. ತನ್ನ ದನಿ ಚಿಕ್ಕ ಹುಡುಗನದಂತೆ ಕೇಳಿ ಅವನಿಗೇ ನಗು ಬಂತು. "ಮೇಷ್ಟ್ರೇ, ಇದು ಕೊಡಿ ನನಗೆ."

"ಅದ್ಯಾಕಪ್ಪ? ಬಣ್ಣ ಇಲ್ಲ, ರಟ್ಟಿಲ್ಲ..."

"ಹತ್ತು ವರ್ಷದವನಿದ್ದಾಗ್ನಿಂದ ಆ ಬಂಡೆ ಹತ್ರಾನೇ ನಿಂತಿದೀನಿ ನಾನು. ಇವತ್ತು ಹೊರಗೆ ಬಂದ. ನನಗೆ ಇದೇ ಸಾಕು."

ಒಳಗೆ ಪಾತ್ರೆಗಳು ಮತ್ತೆ ಸಪ್ಪಳ ಮಾಡತೊಡಗಿದವು. ಓಬಯ್ಯ ಕರಡು ಹಾಳೆಗಳನ್ನು ಕೈಗೆ ತೆಗೆದುಕೊಂಡು, ದಾರದ ಹೊಲಿಗೆ ಭದ್ರವಿದೆಯೇ ಎಂದು ಬೆರಳಾಡಿಸಿ ನೋಡಿ, ಅವನ ಕೈಗಿಟ್ಟರು.

ಅಸ್ಗರ್ ಅಂಗಳ ದಾಟುತ್ತಿದ್ದಾಗ ಈರಕ್ಕ ಹಿಂದೆಯೇ ಬಂದಳು. ಮೊದಲನೆಯ ಸಂಚಿಕೆ ಅವಳ ಕಂಕುಳಲ್ಲಿತ್ತು.

"ಇದ್ನ ಮನೆಯಿಂದಾಚೆ ಕಳ್ಸಾಕೆ ಮನ್ಸಿಲ್ಲ ಕಣಪ್ಪ, ಬ್ಯಾಸ್ರ ಮಾಡ್ಕಬ್ಯಾಡ. ಬೇಕಾದ್ರೆ ಬಿಡುವಾದಾಗ ಬಂದು ಇಲ್ಲೇ ಕೂತ್ಕಂಡು ಬರ್ಕ. ನಿಂಗೆ ಕೈ ಅದೆ. ಅವ್ರೂ ಒಂದೀಟು ಮಾತಾಡ್ಕಂಡು ಗೆಲುವಾಗಿರ್ತಾರೆ."

ಆ ಚಳಿಗಾಲವೆಲ್ಲ ಬಿಡುವಾದಾಗ ಅಸ್ಗರ್ ಶಿರಾದಿಂದ ಬಸ್ಸು ಹತ್ತಿದ. ಇಂಡಿಯನ್ ಇಂಕು, ಡ್ರಾಯಿಂಗ್ ಶೀಟು ತರುತ್ತಿದ್ದ. ಒಮ್ಮೊಮ್ಮೆ ಸಾಬೀರಾ ಕಟ್ಟಿಕೊಟ್ಟ ಖರ್ಜೂರವೂ ಇರುತ್ತಿತ್ತು. ಮೊದಲನೆಯ ಸಂಚಿಕೆಯನ್ನು ನಕಲು ಮಾಡುತ್ತ, ಅವನು ಪುಟದಲ್ಲಿ ಏನಿದೆಯೆಂದು ಹೇಳುವನು. ಓಬಯ್ಯ ಕಣ್ಣು ಮುಚ್ಚಿ ಕೇಳಿ, "ಅಲ್ಲಿ ಗೆರೆ ದಪ್ಪ ಹೋಗ್ಬೇಕು, ತಿರುವಿಗೆ ಬಂದಾಗ ಉಸಿರು ಬಿಡು, ಆಗ ಕೈ ಹಗುರಾಗ್ತದೆ" ಎಂದು ಹೇಳಿಕೊಡುವರು. ಗುರುವಿಲ್ಲದೆ ಕಲಿತಿದ್ದ ಕೈ ಅದು. ಈಗ ಬಯ್ಯಿಸಿಕೊಳ್ಳುವುದೂ ಅವನಿಗೆ ಹಿತವಾಗಿತ್ತು. ಮೇಷ್ಟ್ರು ಈಚೆಗೆ ಎರಡು ಹೊತ್ತೂ ಸರಿಯಾಗಿ ಉಣ್ಣುತ್ತಾರೆಂದು ಈರಕ್ಕ ಹೇಳಿದಳು.

ಅವರೆಕಾಯಿಯ ಕಾಲ ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ ಅಸ್ಗರ್ ಬಾವಿಯ ಪುಟಕ್ಕೆ ಬಂದ. ಹಗ್ಗ ಬರೆದ, ರಾಟೆ ಬರೆದ, ಆಮೇಲೆ ಕೈ ನಿಲ್ಲಿಸಿದ.

"ಏನಾಯ್ತು?" ಎಂದರು ಓಬಯ್ಯ.

"ನಾಗವ್ವ ಬಂದ್ಲು ಮೇಷ್ಟ್ರೇ. ಮುಖ ಬರೀಬೇಕು. ಈ ತುಟಿ ಹೆಂಗೆ ಹಿಡಿದ್ರೋ ನೀವು, ನನ್ನ ಕೈಲಿ ಬರ್ತಾ ಇಲ್ಲ."

ಮೇಷ್ಟ್ರು ಆಚೆಗೆ ಮುಖ ತಿರುಗಿಸಿದರು. ಜಗಲಿಯ ಆ ತುದಿಯಿಂದ ಅವರೆಕಾಯಿ ಸುಲಿಯುವ ಸದ್ದು ಬರುತ್ತಿತ್ತು.

"ಪುಸ್ತಕ ಮುಚ್ಚಿಡು" ಎಂದರು. "ಅಲ್ಲೇ ಕೂತವ್ಳಲ್ಲ, ನೋಡ್ಕೊಂಡು ಬರಿ."

ಈರಕ್ಕ ಕೇಳಿಸದವಳಂತೆ ಇನ್ನೊಂದು ಕಾಯಿ ಎತ್ತಿಕೊಂಡಳು. ನರೆತ ಕೂದಲನ್ನು ಮೊಣಕೈಯಿಂದ ಕಿವಿಯ ಹಿಂದಕ್ಕೆ ಸರಿಸಿದಳು. ಆಮೇಲೆ, ಸುಲಿಯುವುದನ್ನು ನಿಲ್ಲಿಸದೆಯೇ, ಅಂಗಳದ ಬಿಸಿಲಿನ ಕಡೆಗೆ ಮುಖವನ್ನು ಕೊಂಚ ತಿರುಗಿಸಿ ಕೂತಳು.