ಹಲ್ಲಿನ ಡಾಕ್ಟರ ಸೀಟಿ

ಕಿತ್ತಳೆ, ದೀಪದ ಹಾಗೆ ಉರಿಯುವ ನಾಲ್ಕು ವಾಲ್ವುಗಳ ಗಾಜಿನೊಳಗೂ ಒಂದೇ ಹದದ ಕಿತ್ತಳೆ, ಯಾವುದೂ ಮಂಕಾಗಿಲ್ಲ, ಯಾವುದೂ ಕೆಂಪೇರಿಲ್ಲ, ಬಿಸಿಯಾದ ಧೂಳಿನ ವಾಸನೆ ಕೂಡ ಆರೋಗ್ಯವಾಗಿರುವ ಯಂತ್ರದ ವಾಸನೆಯೇ, ಮತ್ತೆ ಈ ಡಾಕ್ಟರದ್ದೇನು ತಕರಾರು ಎಂದು ಅವಳು ಕೆನ್ನೆಗೆ ಶಾಖ ತಾಗುವಷ್ಟು ಹತ್ತಿರ ಬಾಗಿದಳು. ಗಿಟಾರಿನ ಆಂಪ್ಲಿಫೈಯರು, ವಯಸ್ಸಿನಲ್ಲಿ ಅವಳಿಗಿಂತ ಎರಡು ವರ್ಷ ದೊಡ್ಡದು, ಬೆನ್ನಿನ ಹಲಗೆ ಬಿಚ್ಚಿಸಿಕೊಂಡು ಮೇಜಿನ ಮೇಲೆ ಕೂತಿದೆ, ಹೊಟ್ಟೆಯೊಳಗಿಂದ ಗುಂಯ್ ಅನ್ನುತ್ತಿದೆ, ಆ ಗುಂಯ್ ಇರಬೇಕಾದದ್ದೇ, ಊಟವಾದ ಮೇಲೆ ಮನುಷ್ಯ ಉಸಿರು ಬಿಟ್ಟ ಹಾಗೆ — ಆದರೆ ಸೀಟಿ ಎಲ್ಲಿದೆ? ಮೂರನೇ ಸಲ ಹೊತ್ತು ತಂದಿದ್ದಾರೆ ಹಲ್ಲಿನ ಡಾಕ್ಟರು, ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ, ಸಣ್ಣಗೆ ಸೀಟಿ ಹೊಡೆಯುತ್ತಲೇ ಇದೆ ಅಕ್ಕ, ದಾರ ಎಳೆದ ಹಾಗೆ, ಅದರ ಮುಂದೆ ಕೂತು ಬಾರಿಸೋಕಾಗಲ್ಲ, ಮಧ್ಯಾಹ್ನ ಬರ್ತೀನಿ ಎಂದು ಇಟ್ಟು ಹೋದರು. ಹೋದ ಸಲ ಅವಳು ನಗಾಡಿದ್ದಳು. ದಿನವಿಡೀ ಹಲ್ಲು ಕೊರೆಯೋರು ನೀವು ಡಾಕ್ಟ್ರೇ, ಆ ಸದ್ದೇ ಕಿವಿಯಲ್ಲಿ ಮನೆ ಮಾಡಿಕೊಂಡಿದೆ. ಅವರೂ ನಕ್ಕಿದ್ದರು, ಆದರೆ ನಗುವಾಗ ಒಂದು ಬೆರಳು ಕಿವಿಯೊಳಗೆ ಹೋಗಿತ್ತು, ಪಾಪ, ಹೆದರಿಸಿಬಿಟ್ಟೆನೋ ಏನೋ. ಮೊದಲ ಸಲ ಬಂದಾಗ ಸೀಟಿ ಇರಲಿಲ್ಲ, ಬರೀ ಗೊರಗೊರ, ಒಣಗಿದ ಕಂಡೆನ್ಸರು ಎರಡಿದ್ದವು, ಬದಲಾಯಿಸಿ ಕೊಟ್ಟಿದ್ದಳು, ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವಳಿಗೇ ಹಲಗೆ ಮುಚ್ಚಲು ಮನಸ್ಸು ಬಂದಿರಲಿಲ್ಲ. ಈಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು — ಒಳಗೆ ಮನುಷ್ಯನನ್ನು ಮಲಗಿಸಿಬಿಡುವಷ್ಟು ಕರೆಂಟಿದೆ, ಒಂದು ಕೈ ಸದಾ ಬೆನ್ನ ಹಿಂದೆ, ಸೋದರಮಾವ ಕಲಿಸಿದ ಮೊದಲ ಪಾಠ — ಬಲಗೈಯ ಬಿದಿರುಕಡ್ಡಿಯಿಂದ ಒಂದೊಂದೇ ವಾಲ್ವನ್ನು ತಟ್ಟಿದಳು, ಟಣ್, ಟಣ್, ಬೆಸುಗೆಗಳನ್ನು ತಟ್ಟಿದಳು, ಎಲ್ಲ ಗಟ್ಟಿ. ಹೊಸ ವಾಲ್ವು ಹಾಕಿ ನೋಡಿಯಾಯಿತು, ಹಳೆಯದನ್ನೇ ಮರಳಿ ಹಾಕಿಯಾಯಿತು, ಮೀಟರಿನಲ್ಲಿ ಅಂಕಿಗಳೆಲ್ಲ ಇರಬೇಕಾದಲ್ಲಿ ಇವೆ. ಇಲ್ಲದ ರೋಗಕ್ಕೆ ಎಲ್ಲಿಂದ ಮದ್ದು ತರಲಿ? ಮಾವ ಇದ್ದಿದ್ದರೆ ಕಣ್ಣು ಮುಚ್ಚಿಕೋ ಎನ್ನುತ್ತಿದ್ದ, ರೇಡಿಯೋ ಬಿಚ್ಚುವ ಮುಂಚೆ ಅವಳ ಕಣ್ಣಿನ ಮೇಲೆ ತನ್ನ ಅಂಗೈ ಇಡುತ್ತಿದ್ದ, ಅಂಗೈ ತುಂಬ ಬೆಸುಗೆಯ ಹೊಗೆಯ ವಾಸನೆ, ಕೇಳು, ಯಾವುದು ಅಳ್ತಿದೆ ಹೇಳು, ಅವಳು ಹೇಳುತ್ತಿದ್ದಳು, ಹನ್ನೊಂದು ವರ್ಷದವಳು, ಬಲಗಡೆ ಎರಡನೆಯದು ಮಾವ, ಎಂದೂ ತಪ್ಪಿದ್ದಿಲ್ಲ, ಅಂಥ ಕಿವಿಗೆ ಕೇಳದ ಸೀಟಿ ಎಂದರೆ ಅದು ಇಲ್ಲದ ಸೀಟಿ, ಅಷ್ಟೇ.

ಅಕ್ಕ, ಅದನ್ನು ಆಫ್ ಮಾಡೇ, ಕಿವಿ ಕೊರೀತಿದೆ — ಮುಂದಿನ ಕೋಣೆಯಿಂದ ತಂಗಿ, ಹೊಲಿಗೆ ಯಂತ್ರದ ಕಟಕಟದ ನಡುವೆ. ಅವಳದ್ದು ಇದ್ದದ್ದೇ, ಒಂದೇ ಅಂಗಡಿಯನ್ನು ಪರದೆ ಕಟ್ಟಿ ಎರಡು ಮಾಡಿಕೊಂಡ ದಿನದಿಂದ, ಬೆಸುಗೆಯ ಹೊಗೆ ಬಂದರೆ ಕಷ್ಟ, ಗಿಟಾರು ಕೂಗಿದರೆ ಕಷ್ಟ, ನಿನ್ನ ಕಟಕಟ ನಾನು ಸಹಿಸಿಕೊಳ್ಳಲ್ವಾ ಎಂದುಕೊಂಡಳು. ಆದರೆ ಈಗ ಗಿಟಾರು ಕೂಗುತ್ತಿಲ್ಲ. ಗಿಟಾರೇ ಇಲ್ಲ, ಡಾಕ್ಟರು ತಂದಿಲ್ಲ, ಇರುವುದು ಬರೀ ಗುಂಯ್, ಗುಂಯ್ ಹೇಗೆ ಕಿವಿ ಕೊರೆಯುತ್ತದೆ, ಇವಳಿಗೂ ಡಾಕ್ಟರ ಕಾಯಿಲೆ ಅಂಟಿತೇ? ಕಪಾಟಿನ ಮೇಲಿಂದ ಸ್ಕೋಪನ್ನು ಇಳಿಸಿದಳು, ಸದ್ದನ್ನು ಗೆರೆಯಾಗಿ ಬರೆದು ತೋರಿಸುವ ಯಂತ್ರ, ಮುಚ್ಚಿಹೋದ ಕಾಲೇಜಿನ ಪ್ರಯೋಗಶಾಲೆಯಿಂದ ಬಂದದ್ದು, ಮಾವ ಇದನ್ನು ಕಿವುಡರ ಟೀವಿ ಎಂದು ಹಂಗಿಸುತ್ತಿದ್ದ, ಅವಳೂ ವರ್ಷಕ್ಕೆ ಎರಡು ಸಲ ಮುಟ್ಟಿದರೆ ಹೆಚ್ಚು. ಧೂಳು ಒರೆಸಿ, ಸ್ಪೀಕರಿನ ತುದಿಗೆ ಅದರ ತಂತಿ ಸಿಕ್ಕಿಸಿದಳು. ಸ್ಕೋಪಿನ ಗಾಜಿನ ಮೇಲೆ ಹಸಿರು ಗೆರೆ ಬಂತು. ಕೂದಲೆಳೆಯಷ್ಟು ತೆಳ್ಳಗಿರಬೇಕಾದ ಗೆರೆ, ಇದು ಬೆರಳು ದಪ್ಪ, ಕಂಬಳಿಹುಳದ ಹಾಗೆ ಮೈತುಂಬ ರೋಮ, ಅಲ್ಲೇ ನಿಂತು ನಡುಗುತ್ತಿದೆ. ಸ್ಕೋಪು ಕೆಟ್ಟಿದೆ, ಇಷ್ಟು ದಿನ ಮೂಲೆಗೆ ಹಾಕಿದರೆ ಕೆಡದೆ ಇನ್ನೇನು. ಅದೇ ತಂತಿಯನ್ನು ತನ್ನ ಹಳೇ ರೇಡಿಯೋಗೆ ಸಿಕ್ಕಿಸಿದಳು, ಗೆರೆ ತೆಳ್ಳಗೆ. ಮತ್ತೆ ಆಂಪ್ಲಿಫೈಯರಿಗೆ, ದಪ್ಪ. ಮತ್ತೆ ರೇಡಿಯೋ, ತೆಳ್ಳಗೆ — ಹಾಗಾದರೆ ಇಷ್ಟು ಸದ್ದು ಈ ಪೆಟ್ಟಿಗೆಯಿಂದ ಈಗ, ಈ ಗಳಿಗೆಯಲ್ಲಿ ಹೊರಗೆ ಬರುತ್ತಿದೆ, ಸ್ಪೀಕರಿನ ಬಟ್ಟೆಗೆ ಒಂದು ಗೇಣು ದೂರದಲ್ಲಿ ಅವಳ ಕಿವಿ ಇದೆ, ಕಿವಿಯಲ್ಲಿ ಗುಂಯ್ ಬಿಟ್ಟರೆ ಏನೂ ಇಲ್ಲ. ಹೊಲಿಗೆ ಯಂತ್ರ ನಿಂತಿತು. ಪರದೆ ಸರಿಸಿ ತಂಗಿ ಬಂದಳು, ಕುತ್ತಿಗೆಗೆ ಅಳತೆಪಟ್ಟಿ, ಎರಡೂ ಅಂಗೈ ಕಿವಿಯ ಮೇಲೆ. ಇನ್ನೂ ಎಷ್ಟು ಹೊತ್ತೇ ಈ ಸೀಟಿ?

ಯಾವ ಸೀಟಿ ಎಂದು ಕೇಳಬಾರದಿತ್ತು, ಕೇಳಿಬಿಟ್ಟಳು, ತಂಗಿ ಕೈ ಇಳಿಸಿ ಅವಳನ್ನೇ ನೋಡಿದಳು, ಸಿಟ್ಟು ಹೋಗಿ ಮುಖದಲ್ಲಿ ಬೇರೇನೋ ಬಂತು, ನಿಜವಾಗ್ಲೂ ಕೇಳಿಸ್ತಿಲ್ವಾ ನಿಂಗೆ? ತಮಾಷೆ ಮಾಡ್ತಿದ್ದಾಳೆ, ಇಲ್ಲ, ಇವಳಿಗೆ ತಮಾಷೆ ಬರುವುದಿಲ್ಲ. ಆಚೆ ತಿರುಗಿ ನಿಂತ್ಕೋ, ಇದನ್ನು ನೋಡಬೇಡ ಎಂದು ಅವಳು ವಾಲ್ಯೂಮಿನ ಗುಬುಟನ್ನು ಇಳಿಸಿದಳು, ಗೆರೆ ತೆಳ್ಳಗಾಯಿತು, ಈಗ? ಇಲ್ಲ. ಏರಿಸಿದಳು. ಈಗ? ಇದೆ. ಈಗ? ಇಲ್ಲ. ಬೇಕೆಂದೇ ಎರಡು ಸಲ ಮುಟ್ಟದೆ ಸುಮ್ಮನಿದ್ದಳು, ಮೋಸ ಹಿಡಿಯುವವಳ ಹಾಗೆ, ತಂಗಿ ಒಮ್ಮೆಯೂ ತಪ್ಪಲಿಲ್ಲ, ಹಸಿರು ಗೆರೆ ಹೇಳಿದ್ದನ್ನೇ ಗೆರೆ ನೋಡದವಳು ಹೇಳುತ್ತಿದ್ದಾಳೆ, ಹನ್ನೊಂದು ವರ್ಷದವಳ ಹಾಗೆ, ಬಲಗಡೆ ಎರಡನೆಯದು ಮಾವ — ಯಾವಾಗಿನಿಂದ? ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಕೂಗುವುದನ್ನು ನಿಲ್ಲಿಸಿದೆ, ಅದರ ಗಂಟೆ ಕೆಟ್ಟಿದೆ, ಬಿಡುವಾದಾಗ ಬಿಚ್ಚಬೇಕು ಎಂದುಕೊಂಡಿದ್ದಳಲ್ಲ, ಆದರೂ ತಂಗಿ ಅದು ಮುಗಿದ ಹೊತ್ತಿಗೆ ಸರಿಯಾಗಿ ಏಳುತ್ತಿದ್ದಳು, ಗಡಿಯಾರ ನೋಡಿರಬೇಕು ಅಂತ. ಮತ್ತೆ ಗುಬ್ಬಿಗಳು. ಈ ವರ್ಷ ಕಿಟಕಿಯ ಮೇಲೆ ಗುಬ್ಬಿಗಳೇ ಬರಲಿಲ್ಲ ನೋಡು ಎಂದಿದ್ದಕ್ಕೆ ತಂಗಿ ದಾರ ಕಚ್ಚಿ ಹರಿಯುತ್ತಾ, ಬೆಳಗಾದರೆ ಅವುಗಳದ್ದೇ ಗಲಾಟೆ, ನಿದ್ದೇಲಿರ್ತೀಯ ನೀನು ಎಂದಿದ್ದಳು, ನಿದ್ದೆಯಲ್ಲಿರಲಿಲ್ಲ, ಅವಳು ಎದ್ದು ಅದೇ ಕಿಟಕಿಯ ಕೆಳಗೆ ಚಹಾ ಕುಡಿಯುತ್ತಿದ್ದಳು. ಆ ಪಿಟೀಲಿನವನು, ಅವಳು ರಿಪೇರಿ ಮಾಡಿಕೊಟ್ಟ ಸ್ಪೀಕರಿನ ಧ್ವನಿ ಚೂಪಾಗಿದೆ ಎಂದು ಎರಡು ಸಲ ಬಂದು ಆಮೇಲೆ ಬರಲೇ ಇಲ್ಲ, ಅವನಿಗೆ ತಲೆ ಕೆಟ್ಟಿದೆ ಎಂದಿದ್ದಳು. ಇನ್ನೆಷ್ಟು ಜನರಿಗೆ ತಲೆ ಕೆಟ್ಟಿತ್ತು? ಸಾಕು, ಮೊದಲು ಇದು, ಕಡ್ಡಿ ಹಿಡಿ, ಕೈ ಬೆನ್ನ ಹಿಂದೆ, ಕಣ್ಣು ಗೆರೆಯ ಮೇಲೆ. ಕಂಡೆನ್ಸರು ಹಾಕಿದ ದಿನ ತಂತಿಗಳನ್ನೆಲ್ಲ ಸೇರಿಸಿ ದಾರದಿಂದ ಜಡೆ ಹೆಣೆದ ಹಾಗೆ ಕಟ್ಟಿದ್ದಳು, ಚೆಂದಕ್ಕೆ, ಬರೀ ಚೆಂದಕ್ಕೆ, ಗಿಟಾರಿನ ಸದ್ದನ್ನು ಒಳಗೆ ತರುವ ತಂತಿ ಹೊರಗೆ ಕಳಿಸುವ ತಂತಿಗೆ ಒತ್ತಿಕೊಂಡು ಮಲಗಿದೆ, ಹೊರಗೆ ಹೋದ ಸದ್ದು ಪಕ್ಕದಿಂದ ನುಸುಳಿ ಮತ್ತೆ ಒಳಗೆ, ಮತ್ತೆ ಹೊರಗೆ, ತನ್ನ ಬಾಲ ತಾನೇ ಹಿಡಿದುಕೊಂಡು ಕಿರುಚುತ್ತಿದೆ. ಹೊಸಬರು ಮಾಡುವ ತಪ್ಪು. ಯಂತ್ರ ಆರಿಸಿ, ಒಳಗೆ ಉಳಿದ ಕರೆಂಟು ಇಳಿಸಿ, ದಾರ ಕತ್ತರಿಸಿದಳು, ಮತ್ತೆ ಹಚ್ಚಿ, ಕಡ್ಡಿಯಿಂದ ಒಂದು ತಂತಿಯನ್ನು ಎರಡು ಬೆರಳಿನಷ್ಟು ದೂರ ತಳ್ಳಿದಳು. ಗೆರೆ ಕೂದಲೆಳೆಯಾಯಿತು. ಹೋಯ್ತು ಎಂದಳು ತಂಗಿ, ಅಕ್ಕ ಕೇಳುವ ಮೊದಲೇ, ಆಮೇಲೆ ಕುತ್ತಿಗೆಯ ಅಳತೆಪಟ್ಟಿ ಸರಿಮಾಡಿಕೊಳ್ಳುತ್ತಾ, ನಾನಿದ್ದೀನಲ್ಲ, ನೀನು ಮಾಡು, ನಾನು ಕೇಳಿ ಹೇಳ್ತೀನಿ.

ಡಾಕ್ಟರು ಗಿಟಾರು ಹೆಗಲಿಗೆ ಹಾಕಿಕೊಂಡೇ ಬಂದರು, ಸಿಕ್ಕಿಸಿದರು, ಒಂದು ಎಳೆ ಮೀಟಿ ಹಾಗೇ ಬಿಟ್ಟು ಅದು ಸಾಯುವವರೆಗೂ ಕಾದರು, ಮುಖ ಅರಳಿತು. ಅಕ್ಕ, ಹಾಗಾದ್ರೆ ನನ್ನ ಕಿವಿ ಕೆಟ್ಟಿಲ್ಲ ತಾನೆ, ಎರಡು ವಾರದಿಂದ ಕಿವಿ ಡಾಕ್ಟರ ಹತ್ರ ಹೋಗಲೋ ಬೇಡವೋ ಅಂತ ನಿದ್ದೆ ಕೆಡಿಸಿಕೊಂಡಿದ್ದೆ, ಏನಾಗಿತ್ತು ಇದಕ್ಕೆ? ಒಂದು ಬೆಸುಗೆ ಸಡಿಲ ಆಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಷ್ಟು ಹೇಳಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಪರದೆಯ ಆಚೆ ಹೊಲಿಗೆ ಯಂತ್ರ ಯಾಕೋ ಸುಮ್ಮನಾಗಿದೆ, ಬೆಸುಗೆ — ನಾನೇ ಕಟ್ಟಿದ ತಂತಿ ಡಾಕ್ಟ್ರೇ, ಸೀಟಿ ಅವತ್ತಿನಿಂದಲೂ ಇತ್ತು, ನನಗೆ ಕೇಳಿಸಲಿಲ್ಲ. ಅವರು ನಕ್ಕರು. ಹೋದ ಸಲದ ತಮಾಷೆಯನ್ನು ಮುಂದುವರಿಸುತ್ತಿದ್ದಾಳೆ ಎಂದುಕೊಂಡರೇನೋ, ನಿಮಗೆ ಕೇಳಿಸಲ್ವಾ ಅಕ್ಕ, ಊರಿಗೆಲ್ಲ ಕಿವಿ ನೀವು. ಅವಳು ಸ್ಕೋಪನ್ನು ಅವರ ಕಡೆ ತಿರುಗಿಸಿದಳು, ಎಡಗೈ ಬೆನ್ನ ಹಿಂದೆ, ಕಡ್ಡಿ ತೆಗೆದುಕೊಂಡು ತಂತಿಯನ್ನು ಮೆಲ್ಲಗೆ ಹಳೆಯ ಜಾಗಕ್ಕೆ ತಳ್ಳಿದಳು, ಡಾಕ್ಟರ ಕಣ್ಣು ಕಿರಿದಾಯಿತು, ಭುಜ ಕಿವಿಯ ಕಡೆಗೆ ಏರಿತು, ನಗು ತುಟಿಯ ಮೇಲೆ ಅರ್ಧಕ್ಕೇ ನಿಂತಿತು, ಅವರೀಗ ಯಂತ್ರವನ್ನಲ್ಲ ಅವಳನ್ನು ನೋಡುತ್ತಿದ್ದಾರೆ, ಸಾಕು ಅಕ್ಕ, ಬಿಡಿ, ಅವಳು ಬಿಡಲಿಲ್ಲ, ಬಾಗಿದಳು, ಬಲಗಿವಿಯನ್ನು ಸ್ಪೀಕರಿನ ಬಟ್ಟೆಗೇ ಒತ್ತಿದಳು, ಉಸಿರು ಹಿಡಿದಳು, ಬಟ್ಟೆಯ ಒರಟು, ಗುಂಯ್, ಅದರ ಮೇಲೆ, ಇನ್ನೂ ಮೇಲೆ, ಅಲ್ಲಿ ಏನೋ ಇರಬೇಕು, ಇದೆ, ಎಲ್ಲರಿಗೂ ಇದೆ, ಕಣ್ಣೆದುರಿಗೆ ಹಸಿರು ಗೆರೆ, ಬೆರಳು ದಪ್ಪ, ರೋಮವೆದ್ದು ನಡುಗುತ್ತಿರುವ ಹಸಿರು ಗೆರೆ, ಸದ್ದಿಲ್ಲದೆ, ಹಸಿರು ಗೆರೆ —