ಮೆತ್ತಗಾದ ಹಾಡುಗಳು

ತಮ್ಮನ ಸೆಟೆದ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಲು ಹೆಣಗುತ್ತಿದ್ದ ಅಕ್ಕ, ಹೊರಗೆ ಏನೋ ದಡಾರನೆ ಬಿದ್ದ ಸದ್ದಿಗೆ ತಲೆ ಎತ್ತಿದಳು. ಪರದೆ ಸರಿಸಿ ನೋಡಿದರೆ ಆಳೆತ್ತರದ ಎರಡು ಸ್ಪೀಕರುಗಳನ್ನು ಬೀದಿಯಲ್ಲಿ ಇಳಿಸಿದ್ದರು. ಸುತ್ತ ಕಪ್ಪು ಅಂಗಿಯ ಜನ. ಬೆಳಿಗ್ಗೆ ಬೆರಳೆಣಿಕೆಯಷ್ಟಿದ್ದವರು ಈಗ ಬೀದಿ ತುಂಬಿದ್ದರು. ಒಬ್ಬರೂ ಅಳುತ್ತಿರಲಿಲ್ಲ. ಎಲ್ಲರ ಕಣ್ಣೂ ಬೀದಿಯ ತುದಿಯ ಮೇಲಿತ್ತು.

"ಯಾರಿಗೆ ಕಾಯ್ತಿದ್ದಾರೆ?" ಅಕ್ಕ ಕೇಳಿದಳು.

ಗುಂಡಿ ಹಾಕಲು ನೆರವಾಗುತ್ತಿದ್ದ ಔಷಧಿ ಅಂಗಡಿಯವಳು ದನಿ ತಗ್ಗಿಸಿದಳು. "ಬ್ಯಾಂಡಿನ ಹಾಡುಗಾರರಿಗೆ. ಅವರು ಇವತ್ತು ಬರ್ದೇ ಇದ್ರೇ ಒಳ್ಳೇದು ಅಕ್ಕ."

ತಮ್ಮ ಒಂದು ಕಾಲಕ್ಕೆ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಅಭಿಮಾನಿಗಳು ಅವನಿಗಿಟ್ಟ ಹೆಸರು ಗುಡುಗು. ಬ್ಯಾಂಡ್ ಮುರಿದ ಮೇಲೆ ಮರದ ಗೋದಾಮಿನಲ್ಲಿ ಹಲಗೆ ಜೋಡಿಸುವ ಕೆಲಸಕ್ಕೆ ಸೇರಿದ. ಮೊನ್ನೆ ಅಲ್ಲೇ, ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವನನ್ನು ಗೋಡೆಗೆ ಒತ್ತಿತ್ತು.

ಟೈರ್ ಅಂಗಡಿಯವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಗುಡುಗಿನ ಮುಖ ನೋಡಿ ಕೈಕಟ್ಟಿ ನಿಂತ. ಆಮೇಲೆ ಹೇಳಿದ, "ಅಕ್ಕಾ, ವ್ಯಾನ್ ಹೊರಡುವಾಗ 'ಕಬ್ಬಿಣದ ಹಲ್ಲು' ಹಾಡು ಹಾಕ್ತೀವಿ. ಗುಡುಗು ಗುಡುಗಿನ ಹಾಗೇ ಹೋಗ್ಬೇಕು. ನೀವು ಹೂಂ ಅನ್ನಿ."

"ಯಾಕೆ, 'ಒಲೆಯ ಹಾಡು' ಹಾಕಿದ್ರೆ ಏನಾಗುತ್ತೆ?" ಔಷಧಿ ಅಂಗಡಿಯವಳು ಕೇಳಿದಳು.

"ಅದೂ ಒಂದು ಹಾಡಾ? ಸಿಡಿಲು ನೋಡೋಕೆ ಹೋದೋರಿಗೆ ಜೋಗುಳ ಹಾಡಿ ಕಳಿಸಿದ್ರು. ಜೋಗುಳಕ್ಕೆ ಗಿಟಾರ್ ಯಾಕ್ರೀ, ತೊಟ್ಟಿಲು ಸಾಕಿತ್ತು."

"ನಿನಗೆ ಕಿವಿ ತಮಟೆ ಹರಿದ್ರೇನೇ ಸಂಗೀತ. ಮೂರನೇ ಆಲ್ಬಮ್ಮಲ್ಲಿ ಗುಡುಗು ಬರಿಗೈಯಲ್ಲಿ ಡೋಲು ತಟ್ಟಿದ್ದಾರಲ್ಲ, ಎರಡು ಪೆಟ್ಟಿನ ನಡುವೆ ಬಿಡೋ ಆ ಜಾಗ ಕೇಳಿದ್ದೀಯಾ ಯಾವತ್ತಾದ್ರೂ?"

"ಖಾಲಿ ಜಾಗ ಕೇಳೋಕೆ ನಾನ್ಯಾಕೆ ಟಿಕೆಟ್ ತಗೊಳ್ಳಲಿ?"

ಬಾಗಿಲ ಹೊರಗೆ ಯಾರೋ ನಕ್ಕರು. ಬ್ಯಾಂಡ್ ಮುರಿದು ಇಷ್ಟು ವರ್ಷವಾದರೂ ಈ ಜಗಳ ಬಗೆಹರಿದಿರಲಿಲ್ಲ. ಮೊದಲಿನ ಅಬ್ಬರದ ಹಾಡುಗಳೋ, ಕೊನೆಯಲ್ಲಿ ಬಂದ ಅಜ್ಜಿಯರ ಹಾಡಿನಂಥ ಮೆತ್ತಗಿನ ಹಾಡುಗಳೋ? ಎಲ್ಲಿ ನಾಲ್ಕು ಅಭಿಮಾನಿಗಳು ಸೇರಿದರೂ ಅದೇ ಮಾತು. ಆದರೆ ಟೈರ್ ಅಂಗಡಿಯವನು ಇವತ್ತು ನಗಲಿಲ್ಲ.

"ಇದು ನಗೋ ಮಾತಲ್ಲ ಅಕ್ಕ. ಆ ಹಾಡುಗಾರ ಅಜ್ಜಿ ಹಾಡಿನ ಹುಚ್ಚು ಹತ್ತಿಸ್ಕೊಂಡು ಗುಡುಗಿನ ಕೈ ಕಟ್ಟಿಹಾಕಿದ. ಬ್ಯಾಂಡ್ ಸತ್ತಿತು. ಇವನು ಇದ್ದೂ ಸತ್ತ. ಮೊನ್ನೆ ಲಾರಿ ಹಾರ್ನ್ ಹೊಡೀತಂತೆ, ಗೋದಾಮಿನೋರೆಲ್ಲ ಕೂಗ್ಕೊಂಡ್ರಂತೆ. ಇವನು ಅಲ್ಲಾಡ್ಲಿಲ್ಲ. ಬದುಕು ಬೇಕಿದ್ದೋನು ಹಾಗೆ ನಿಲ್ತಾನಾ?" ಅವನು ಚಪ್ಪಲಿ ಮೆಟ್ಟಿಕೊಂಡ. "ಬರ್ಲಿ ಅವನು. ವಿಚಾರಿಸ್ಕೋತೀವಿ."

ಅವನು ದನಿ ಎತ್ತಿ ಹೇಳಿರಲಿಲ್ಲ. ಅಕ್ಕನಿಗೆ ಭಯವಾದದ್ದು ಅದಕ್ಕೇ.

*

ಬ್ಯಾಂಡ್ ಇನ್ನೂ ಮುರಿದಿರದ ಕಾಲ. ಅವತ್ತು ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆನ್ನುತ್ತಿತ್ತು. ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಅಕ್ಕ ಒಳಗೆ ಬಂದಾಗ ತಮ್ಮ ಒಲೆಗೆ ಬೆನ್ನು ಮಾಡಿ, ಮೊಣಕಾಲ ಮೇಲೆ ಬೆರಳಾಡಿಸುತ್ತ ಕೂತಿದ್ದ. ಎದುರಿಗಿದ್ದ ಹಾಡುಗಾರ ಹಾಲನ್ನು ನೋಡುತ್ತಿದ್ದನೇ ಹೊರತು ಎದ್ದು ಆರಿಸಿರಲಿಲ್ಲ. ಒಲೆ ಆರಿಸಲು ಓಡಿದ ಅಕ್ಕನನ್ನು ಅವನು ಕೈಸನ್ನೆಯಲ್ಲೇ ತಡೆದ. ತಮ್ಮ ತಿರುಗಲೇ ಇಲ್ಲ. ಸೀದ ವಾಸನೆ ಮೂಗಿಗೆ ಬಡಿದ ಮೇಲೆ ಬೆಚ್ಚಿಬಿದ್ದ.

"ಎಷ್ಟು ದಿನದಿಂದ?" ಹಾಡುಗಾರ ಕೇಳಿದ. ಅವನ ತುಟಿಯನ್ನೇ ನೋಡುತ್ತಿದ್ದ ತಮ್ಮನ ಮುಖ ಕುಸಿಯಿತು.

ಡಾಕ್ಟರರ ಹತ್ತಿರ ಅವನು ಆಗಲೇ ಹೋಗಿ ಬಂದಿದ್ದ. ಹೀಗೇ ಬಾರಿಸಿದರೆ ಉಳಿದ ಚೂರುಪಾರೂ ಹೋಗುತ್ತದೆ ಅಂದಿದ್ದರಂತೆ.

"ಹೊರಗೆ ಬಾಯಿ ಬಿಡ್ಬೇಡ ಕಣೋ," ತಮ್ಮ ಅಳುತ್ತ ಅಂದ. "ಕಿವುಡ ಡ್ರಮ್ ಬಾರಿಸ್ತಾನೆ ಅಂತ ಊರೆಲ್ಲ ನಗುತ್ತೆ. ಅಕ್ಕಾ, ನೀನೂ ಮಾತು ಕೊಡು."

ಹಾಡುಗಾರ ಸೀದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಉಜ್ಜತೊಡಗಿದ. ಉಜ್ಜಿ ಮುಗಿಸಿದ ಮೇಲೆ ತಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಡಿಸಿ ಬಿಡಿಸಿ ಹೇಳಿದ.

"ಸದ್ದು ಕಮ್ಮಿ ಮಾಡೋಣ. ನಮ್ಮಜ್ಜಿ ಒಲೆ ಮುಂದೆ ಕೂತು ಹಾಡ್ಕೊಳ್ತಿದ್ದ ಹಾಡುಗಳಿವೆ. ಡೋಲನ್ನ ತೊಡೆ ಮೇಲಿಟ್ಕೊಂಡು ತಟ್ಟು. ಕಿವಿ ಬೇಡ, ಮೂಳೇಲಿ ಕೇಳುತ್ತೆ."

"ಜನ ಒಪ್ಪಲ್ಲ."

"ಬೈದ್ರೆ ಹಾಡೋನನ್ನ ತಾನೇ ಬೈತಾರೆ. ಬೈಲಿ ಬಿಡು."

ಜನ ಬೈದರು, ಬಾಟಲಿ ಎಸೆದರು. ಅವನನ್ನು ಬೆನ್ನಿಗೆ ಚೂರಿ ಹಾಕಿದವನು ಎಂದು ಗೋಡೆಗಳ ಮೇಲೆ ಬರೆದರು. ಮುಂದಿನ ವರ್ಷ ಬ್ಯಾಂಡ್ ನಿಂತುಹೋಯಿತು. ಗೋದಾಮಿನಲ್ಲೂ ತಮ್ಮ ಕಿವಿಯ ಸುದ್ದಿ ಎತ್ತಲಿಲ್ಲ. ನಾಲ್ಕು ಜನ ನಕ್ಕಾಗ ತಾನೂ ನಗುತ್ತ, ಅವರ ತುಟಿ ನೋಡುತ್ತ ಕಾಲ ತಳ್ಳಿದ. ಮುಖಕ್ಕೆ ಮುಖ ಕೊಟ್ಟು ಮಾತಾಡುವವರ ಮುಂದೆ ಅದು ನಡೆಯುತ್ತಿತ್ತು. ಬೆನ್ನ ಹಿಂದಿನದಕ್ಕೆ ಅವನ ಬಳಿ ಉಪಾಯವಿರಲಿಲ್ಲ.

*

ಹಾಡುಗಾರ ನಡೆದುಕೊಂಡೇ ಬಂದ, ಒಬ್ಬನೇ. ತಲೆ ಬೋಳಾಗಿತ್ತು. ಜನ ಸರಿದು ದಾರಿ ಬಿಟ್ಟರು. ಅವನು ದಾಟಿದ ಹಾಗೆಲ್ಲ ಹಿಂದಿನ ದಾರಿ ಮುಚ್ಚಿಕೊಳ್ಳುತ್ತ ಬಂತು. ಯಾರೋ ಉಗಿದದ್ದು ಅವನ ಭುಜದ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಟೈರ್ ಅಂಗಡಿಯವನು ಬಾಗಿಲಿಗೆ ಅಡ್ಡ ನಿಂತ. "ಕೊಂದೋನು ಹೆಗಲು ಕೊಡೋಕೆ ಬಂದ್ಯಾ?"

ಅಕ್ಕ ಹೊಸ್ತಿಲಿಗೆ ಬಂದಳು. ಅವಳ ಮುಖ ನೋಡಿದ್ದೇ ಹಾಡುಗಾರನಿಗೆ ತಿಳಿದುಹೋಯಿತು. "ಬೇಡ ಅಕ್ಕ," ಅಂದ. "ಅವನಿಗೆ ಮಾತು ಕೊಟ್ಟಿದ್ದೀವಿ."

"ಕೇಳ್ರಪ್ಪ," ಅಕ್ಕ ಜನರತ್ತ ತಿರುಗಿದಳು. "ನನ್ನ ತಮ್ಮ ಬೇಕಂತ ನಿಲ್ಲಲಿಲ್ಲ. ಲಾರಿ ಬಂದದ್ದು ಅವನಿಗೆ ಕೇಳಿಸ್ಲಿಲ್ಲ. ಬ್ಯಾಂಡಲ್ಲಿದ್ದಾಗಲೇ ಅವನ ಕಿವಿ ಹೋಗಿತ್ತು. ಆ ಮೆತ್ತಗಿನ ಹಾಡುಗಳನ್ನ ಇವನು ಹಾಡಿದ್ದು ನನ್ನ ತಮ್ಮನನ್ನ ಉಳಿಸ್ಕೊಳ್ಳೋಕೆ. ಇಷ್ಟು ವರ್ಷ ನಿಮ್ಮ ಬಾಯಿಗೆ ಸಿಕ್ಕಿದ್ದೂ ಅದಕ್ಕೇ."

ಔಷಧಿ ಅಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೆಟ್ಟಿಲ ಬಳಿಯಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಒಂದು ಕ್ಷಣ, ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡಳು.

ಟೈರ್ ಅಂಗಡಿಯವನು ಅವಳ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. "ಇದನ್ನ ಯಾರು ಹೇಳಿಕೊಟ್ರು ನಿನಗೆ?"

ಬೆಳಿಗ್ಗೆಯಿಂದ ನೀವು ಎನ್ನುತ್ತಿದ್ದವನು ನೀನು ಅಂದದ್ದು ಅಕ್ಕನ ಕಿವಿಗೆ ಚುಚ್ಚಿತು.

"ಗುಡುಗು ಕಿವುಡನಾ? ತಮ್ಮನ ಹೆಣ ಮುಂದಿಟ್ಕೊಂಡು ಅವನ ಮಾನ ಕಳೀತೀಯಾ? ಇವನನ್ನ ಉಳಿಸೋಕೆ?"

"ಸುಳ್ಳು," ಹಿಂದಿನಿಂದ ಒಬ್ಬ ಅಂದ. "ಸುಳ್ಳು, ಸುಳ್ಳು," ಎಂದು ಮಾತು ಬೀದಿಯುದ್ದಕ್ಕೂ ಹೋಯಿತು.

ಯಾರು ತಳ್ಳಿದರೋ, ಹಾಡುಗಾರ ಮೆಟ್ಟಿಲಿಗೆ ಬಿದ್ದ. ಇಬ್ಬರು ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಹೊಡೆಯಲಿಲ್ಲ. ಹಾಗೇ ಹಿಡಿದುಕೊಂಡು ಬೀದಿಯ ತುದಿಯತ್ತ ನಡೆಸಿದರು. ಅವರ ಹಿಂದೆ ಒಂದಿಷ್ಟು ಜನ ಮಾತಿಲ್ಲದೆ ಹೋದರು. ಔಷಧಿ ಅಂಗಡಿಯವಳು, "ಬಿಡ್ರೋ ಅವರನ್ನ," ಎಂದು ಚೀರುತ್ತ ಓಡಿದಳು. ತಿರುವಿನಲ್ಲಿ ಎಲ್ಲರೂ ಮರೆಯಾದರು. ಆಮೇಲೆ ಅವಳ ದನಿಯೂ ನಿಂತಿತು.

ಅಕ್ಕ ಮೆಟ್ಟಿಲು ಇಳಿಯಹೋದಳು. "ಒಳಗೆ ನಡೀರಿ, ಹೊತ್ತಾಯ್ತು," ಎಂದು ಕಪ್ಪು ಅಂಗಿಗಳು ಅವಳನ್ನು ಸುತ್ತುವರಿದವು. ಅವಳ ಹೂಂ ಯಾರಿಗೂ ಬೇಕಿರಲಿಲ್ಲ. ತಮ್ಮನನ್ನು ಎತ್ತಿ ತೆರೆದ ವ್ಯಾನಿನಲ್ಲಿ ಮಲಗಿಸಿದರು. ಸ್ಪೀಕರುಗಳನ್ನು ಅವನ ತಲೆಯ ಆಚೆಗೊಂದು ಈಚೆಗೊಂದು ಇಟ್ಟು ಹಗ್ಗ ಬಿಗಿದರು. ಉಳಿದ ಗೇಣಗಲದ ಜಾಗದಲ್ಲಿ ಅಕ್ಕ ಮುದುಡಿ ಕೂತಳು.

"ಪೂರ್ತಿ ಏರಿಸು," ಟೈರ್ ಅಂಗಡಿಯವನು ಕೂಗಿದ.

ಮೊದಲ ಪೆಟ್ಟು ಬಿತ್ತು. ಹೆಣದ ಎದೆಯ ಮೇಲಿನ ಹೂಗಳು ಎಗರಿ ಬಿದ್ದವು. ಎರಡೂ ಕಡೆಯ ಕಿಟಕಿ ಗಾಜುಗಳು ಗಡಗಡಿಸಿದವು. ವ್ಯಾನಿನ ತಗಡು ಅಕ್ಕನ ಹಲ್ಲಿನವರೆಗೂ ಅದುರಿತು. ಕಪ್ಪು ತೋಳುಗಳು ಒಟ್ಟಿಗೆ ಮೇಲೆದ್ದವು.

ಅಕ್ಕ ತಮ್ಮನ ಮೇಲೆ ಬಾಗಿದಳು. ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಎರಡೂ ಅಂಗೈಗಳಿಂದ ಅವನ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು.